ಜಾಲತಾಣಕ್ಕೂ ಬೇಕು ತಾಲೀಮು

ಅಜ್ಜಿ ಒಂದು ಒಗಟು ಹೇಳುತ್ತಾರೆ ಎಂದುಕೊಳ್ಳಿ. ಮೊಮ್ಮಗಳು ಅದನ್ನು ಮೊಬೈಲಿನಲ್ಲಿ ಟೈಪ್ ಮಾಡಿ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾಳೆ. ಅತ್ತೆ, ಚಿಕ್ಕಪ್ಪ, ಗೆಳತಿಯರು ನೋಡುತ್ತಾರೆ. ಒಂದಿಬ್ಬರು ಉತ್ತರ ಕಳಿಸುತ್ತಾರೆ, ಒಬ್ಬರು ನಗುವ ಗೊಂಬೆ ಕಳಿಸುತ್ತಾರೆ. ಮರುದಿನ ಅದೇ ಹೊತ್ತಿಗೆ ನೋಡಿದರೆ ಸ್ಟೇಟಸ್ ಇಲ್ಲ. ಅದರ ಆಯಸ್ಸು 24 ಗಂಟೆ ಅಷ್ಟೆ. ಅಜ್ಜಿಗೆ ಆ ಒಗಟು ಹೇಳಿಕೊಟ್ಟವರು ಅವರ ಅಜ್ಜಿ. ಅಂದರೆ ನೂರು ವರ್ಷ ಬಾಯಿಂದ ಬಾಯಿಗೆ ದಾಟಿ ಬಂದದ್ದು ನಮ್ಮ ಕೈಗೆ ಬಂದ ಮೇಲೆ ಒಂದು ದಿನ ಬಾಳಿತು.

ಅದೇ ಒಗಟನ್ನು ಹಾಕಲು ಇನ್ನೊಂದು ಜಾಗವಿದೆ. ಅದು ಆ ಹುಡುಗಿಯದೇ ಆದ ಒಂದು ಜಾಲತಾಣ. ‘ವೆಬ್‌ಸೈಟ್’ ಎಂದ ಕೂಡಲೇ ಬ್ಯಾಂಕು, ಸರ್ಕಾರಿ ಇಲಾಖೆ, ದೊಡ್ಡ ಕಂಪನಿ ನೆನಪಾಗುತ್ತವೆ. ನಾನು ಹೇಳುತ್ತಿರುವುದು ಅದಲ್ಲ. ಒಬ್ಬರೇ ಒಬ್ಬರು ತಮ್ಮ ಇಷ್ಟದ ಸಂಗತಿಗಾಗಿ ಕಟ್ಟಿಕೊಳ್ಳುವ ಎರಡು-ಮೂರು ಪುಟಗಳು. ಅಲ್ಲಿ ಲೈಕ್ ಎಷ್ಟು ಎಂದು ಎಣಿಸುವವರಿಲ್ಲ. ಮುಂದಿನ ವಿಡಿಯೊ ನೋಡು ಎಂದು ಜಗ್ಗುವವರೂ ಇಲ್ಲ. ಇಂಥ ಪುಟ ಕಟ್ಟುವುದು ಎಂಟನೇ ತರಗತಿಯ ಹುಡುಗರಿಗೂ ಆಗುವ ಕೆಲಸ, ಎಪ್ಪತ್ತರ ನಿವೃತ್ತ ಮೇಷ್ಟ್ರಿಗೂ ಆಗುವ ಕೆಲಸ. ಆದರೂ ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಡೆ ಎಷ್ಟು ಮನೆಯಲ್ಲಿ ಅಂಥ ಪುಟ ಕಂಡಿದ್ದೀರಿ?

ಕಷ್ಟ ಇರುವುದು ಕಂಪ್ಯೂಟರಿನಲ್ಲಲ್ಲ ಎಂದು ನನಗೆ ಅನ್ನಿಸುತ್ತದೆ. ಒಬ್ಬರೇ ಕೂತು ಮಾಡುವುದು ಕಷ್ಟ. ಮೊದಲ ಸಂಜೆ ಹುರುಪಿರುತ್ತದೆ. ಎರಡನೇ ಸಂಜೆ ಎಲ್ಲೋ ಒಂದು ಚಿಹ್ನೆ ತಪ್ಪಿ ಪುಟವೆಲ್ಲ ಖಾಲಿ ಕಾಣುತ್ತದೆ. ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮೂರನೇ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಟಿವಿ ಹಚ್ಚುತ್ತೇವೆ.

ಕೂಟ ಕಟ್ಟಿದ ಊರು ಇದು

ಒಬ್ಬರಿಂದ ಆಗದ್ದನ್ನು ಸಂಜೆ ಹೊತ್ತು ನಾಲ್ಕು ಜನ ಕೂಡಿ ಕಲಿಯುವುದು ನಮ್ಮ ಕಡೆಗೆ ಹೊಸದೇನೂ ಅಲ್ಲ. ಹಳ್ಳಿಯಲ್ಲಿ ಬಯಲಾಟ ಕಟ್ಟುವುದನ್ನು ನೋಡಿದವರಿಗೆ ಗೊತ್ತು. ಹಗಲು ಹೊಲಕ್ಕೆ ಹೋಗಿ ಬಂದವರು ರಾತ್ರಿ ಉಂಡ ಮೇಲೆ ತಾಲೀಮಿಗೆ ಕೂಡುತ್ತಾರೆ. ಮಾಸ್ತರು ಹಾಡು, ಕುಣಿತ, ಮಾತು ಹೇಳಿಕೊಡುತ್ತಾರೆ. ಓದಲು ಬಾರದವನೂ ಉದ್ದುದ್ದ ಮಾತು ಬಾಯಿಪಾಠ ಮಾಡಿ ಅರ್ಜುನನಾಗುತ್ತಾನೆ. ಅವನಿಗೆ ಮರೆತಲ್ಲಿ ಪಕ್ಕದವನು ಎತ್ತಿಕೊಡುತ್ತಾನೆ. ಆಟ ಒಂದು ರಾತ್ರಿಯದು, ತಾಲೀಮು ತಿಂಗಳುಗಟ್ಟಲೆ.

ಬಳ್ಳಾರಿ ನಗರದ ಕಥೆಯೂ ಹೀಗೆಯೇ. 19ನೇ ಶತಮಾನದ ಕೊನೆಗೆ ಇಲ್ಲಿ ಎರಡು ಹವ್ಯಾಸಿ ನಾಟಕ ಸಭೆಗಳಿದ್ದವು. ಧರ್ಮವರಂ ರಾಮಕೃಷ್ಣಮಾಚಾರ್ಯರದು ಸರಸ ವಿನೋದಿನಿ ಸಭಾ, ಕೋಲಾಚಲಂ ಶ್ರೀನಿವಾಸರಾಯರದು ಸುಮನೋರಮ ಸಭಾ. ಇಬ್ಬರೂ ವಕೀಲರು. ಹಗಲು ಕೋರ್ಟಿನಲ್ಲಿ ವಾದ, ಸಂಜೆ ನಾಟಕ. ಒಂದು ಸಭೆಗೆ ಇನ್ನೊಂದರ ಮೇಲೆ ಪೈಪೋಟಿಯೂ ಇತ್ತು. ಆ ಪೈಪೋಟಿಯಿಂದ ಊರಿಗೆ ಲಾಭವೇ ಆಯಿತು. ಬಳ್ಳಾರಿ ರಾಘವ ಎಂದು ದೇಶಕ್ಕೇ ಹೆಸರಾದ ನಟ ಬೆಳೆದದ್ದು ಈ ವಾತಾವರಣದಲ್ಲಿ. 1880ರಲ್ಲಿ ಹುಟ್ಟಿದ ರಾಘವರು ಧರ್ಮವರಂ ಅವರ ಸೋದರಳಿಯ, ವೃತ್ತಿಯಲ್ಲಿ ಅವರೂ ವಕೀಲರೇ. ಹೊಟ್ಟೆಪಾಡಿಗೆ ಒಂದು ಕೆಲಸ, ಪ್ರೀತಿಗೆ ಇನ್ನೊಂದು. ಆ ಇನ್ನೊಂದಕ್ಕೆ ಒಂದು ಸಭೆ. ಈ ಮಾದರಿ ನಮ್ಮ ಊರಿನ ನೀರಿನಲ್ಲೇ ಇದೆ.

ಕಂಪ್ಯೂಟರಿನ ಚರಿತ್ರೆಯಲ್ಲೂ ಇಂಥದೇ ಒಂದು ಸಭೆ ಇದೆ. 1975ರ ಮಾರ್ಚ್ 5ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್ ಎಂಬಲ್ಲಿ ಗಾರ್ಡನ್ ಫ್ರೆಂಚ್ ಎಂಬವರ ಮನೆಯ ಕಾರ್ ಶೆಡ್ಡಿನಲ್ಲಿ ಮೂವತ್ತಕ್ಕೂ ಸ್ವಲ್ಪ ಹೆಚ್ಚು ಜನ ಸೇರಿದರು. ಮನೆಯಲ್ಲೇ ಕಂಪ್ಯೂಟರ್ ಕಟ್ಟಬೇಕೆಂಬ ಹುಚ್ಚು ಅವರಿಗೆ. ಅದರ ಹೆಸರು ‘ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್’. ಅಲ್ಲಿಗೆ ಬರುತ್ತಿದ್ದ ನಾಚಿಕೆ ಸ್ವಭಾವದ ತರುಣ ಸ್ಟೀವ್ ವೋಜ್ನಿಯಾಕ್ ತಾನು ಬಿಡಿಸಿದ ನಕ್ಷೆಯ ಪ್ರತಿಗಳನ್ನು ಎಲ್ಲರಿಗೂ ಪುಕ್ಕಟೆ ಹಂಚಿದ. ಆ ನಕ್ಷೆಯೇ ಮುಂದೆ ಮೊದಲ ಆ್ಯಪಲ್ ಕಂಪ್ಯೂಟರ್ ಆಯಿತು. ಅದೇ ಹೆಸರಿನ ನೆನಪಿನಲ್ಲಿ 2013ರಲ್ಲಿ ‘ಹೋಮ್‌ಬ್ರೂ ವೆಬ್‌ಸೈಟ್ ಕ್ಲಬ್’ ಎಂಬ ಕೂಟಗಳು ಶುರುವಾದವು. ಸ್ವಂತ ಜಾಲತಾಣ ಇರುವವರು, ಬೇಕೆನ್ನುವವರು ಒಂದೆಡೆ ಕೂಡುತ್ತಾರೆ. ಸ್ವಲ್ಪ ಹೊತ್ತು ಮಾತಿಲ್ಲದೆ ಅವರವರ ಪುಟದ ಕೆಲಸ ಮಾಡುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ತಾವು ಮಾಡಿದ್ದನ್ನು ತೋರಿಸುತ್ತಾರೆ. ಅಷ್ಟೆ. ಭಾಷಣವಿಲ್ಲ, ಹಾರವಿಲ್ಲ, ಅಧ್ಯಕ್ಷರ ಕುರ್ಚಿ ಇಲ್ಲ. ಬೆಂಗಳೂರಿನಲ್ಲೂ ಇಂಥ ಕೂಟ ನಡೆದಿದೆ. ಬಳ್ಳಾರಿಯಲ್ಲಿ ಯಾಕಾಗಬಾರದು?

ಕನ್ನಡದವರೂ ಹೀಗೆ ಕೂಡಿದ್ದುಂಟು. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜ ಅವರು 1996ರ ಡಿಸೆಂಬರಿನಲ್ಲಿ ‘ವಿಶ್ವಕನ್ನಡ’ ಎಂಬ ಜಾಲತಾಣ ತೆರೆದರು. ಅಂತರಜಾಲದಲ್ಲಿ ಕನ್ನಡದ ಮೊದಲ ಪತ್ರಿಕೆ ಅದು. ಒಬ್ಬರು ತಮ್ಮ ಬಿಡುವಿನಲ್ಲಿ ಮಾಡಿದ ಕೆಲಸ. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು, 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರ ‘ಸಂಪದ’ ಬಂತು. ಆ ಹೊತ್ತಿಗೆ ನೂರಾರು ಜನ ಸ್ವಂತ ಪುಟದಲ್ಲಿ ಕನ್ನಡ ಬರೆಯತೊಡಗಿದ್ದರು. ಬರೆಯುವವರಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತು, ಮುಖ ಗೊತ್ತಿಲ್ಲ. 2008ರ ಮಾರ್ಚ್ 16ರ ಭಾನುವಾರ ‘ಪ್ರಣತಿ’ ಎಂಬ ಗೆಳೆಯರ ಬಳಗ ಅವರನ್ನೆಲ್ಲ ಬೆಂಗಳೂರಿನ ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಒಟ್ಟುಗೂಡಿಸಿತು. ಅಲ್ಲಿಂದ ಮುಂದೆ ಫೇಸ್‌ಬುಕ್ ಬಂತು, ಬರೆಯುವವರು ಅತ್ತ ಹೊರಳಿದರು. ಅಂದಿನ ಎಷ್ಟೋ ಪುಟಗಳು ಇಂದು ಬೀಗ ಹಾಕಿದ ಮನೆಯಂತಿವೆ. ಒಂದು ದೊಡ್ಡ ಸಭೆಗಿಂತ ಹದಿನೈದು ದಿನಕ್ಕೊಮ್ಮೆ ಕೂಡುವ ಆರೇಳು ಜನರ ಕೂಟವೇ ಹೆಚ್ಚು ಕಾಲ ಬಾಳೀತು ಎಂಬುದು ನನ್ನ ಲೆಕ್ಕ.

ಬಳ್ಳಾರಿ ಎಂದರೆ ಏಳು ಅಂಕಿ

ಮಕ್ಕಳೇ, ಈಗ ಸ್ವಲ್ಪ ಒಳಗಿನ ಕೆಲಸ ನೋಡೋಣ. ಪುಟ ಎಂದರೇನು? ಅದೊಂದು ಸಾದಾ ಕಡತ. ಮೊಬೈಲಿನ ನೋಟ್‌ಪ್ಯಾಡಿನಲ್ಲೂ ಬರೆಯಬಹುದು. ಅದರ ಭಾಷೆಯ ಹೆಸರು ಎಚ್‌ಟಿಎಂಎಲ್. ಸಿರುಗುಪ್ಪದ ರೈಸ್‌ಮಿಲ್ಲಿನಲ್ಲಿ ಚೀಲದ ಮೇಲೆ ‘ಸೋನಾ ಮಸೂರಿ, 25 ಕೆ.ಜಿ.’ ಎಂದು ಗುರುತು ಹಾಕುತ್ತಾರಲ್ಲ, ಹಾಗೆ ನಾವು ಬರೆದ ಪ್ರತಿ ತುಂಡಿನ ಹಿಂದೆ-ಮುಂದೆ ಒಂದು ಚೀಟಿ ಅಂಟಿಸುತ್ತೇವೆ. ಇದು ತಲೆಬರಹ, ಇದು ಪ್ಯಾರಾ, ಇದು ಚಿತ್ರ, ಇದನ್ನು ಒತ್ತಿದರೆ ಇನ್ನೊಂದು ಪುಟಕ್ಕೆ ದಾರಿ. ಆ ಚೀಟಿಗೆ ‘ಟ್ಯಾಗ್’ ಎನ್ನುತ್ತಾರೆ. ತೆರೆದ ಟ್ಯಾಗನ್ನು ಮುಚ್ಚಬೇಕು. ಮುಚ್ಚಲು ಮರೆತರೆ ಚೀಲದ ಬಾಯಿ ಹೊಲಿಯದೆ ಬಿಟ್ಟಂತೆ, ಅಕ್ಕಿ ಎಲ್ಲ ಕಡೆ ಚೆಲ್ಲುತ್ತದೆ. ಹತ್ತು ಟ್ಯಾಗ್ ಕಲಿತರೆ ಒಂದು ಒಳ್ಳೆಯ ಪುಟ ಆಗುತ್ತದೆ. ಈ ಏರ್ಪಾಡನ್ನು ಕಂಡುಹಿಡಿದವರು ಟಿಮ್ ಬರ್ನರ್ಸ್-ಲೀ. ಸ್ವಿಟ್ಜರ್ಲೆಂಡಿನ ಸರ್ನ್ ಎಂಬ ವಿಜ್ಞಾನ ಕೇಂದ್ರದಲ್ಲಿ ಅವರು ಕೆಲಸ ಮಾಡುತ್ತಿದ್ದಾಗ ಹುಟ್ಟಿದ ಈ ‘ವೆಬ್’ ಅನ್ನು ಆ ಸಂಸ್ಥೆ 1993ರ ಏಪ್ರಿಲ್ 30ರಂದು ಎಲ್ಲರಿಗೂ ಉಚಿತ ಎಂದು ಘೋಷಿಸಿತು. ಅದಕ್ಕೇ ಇವತ್ತು ನೀವು ಪುಟ ಬರೆಯಲು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ, ಯಾರಿಗೂ ರಾಯಧನ ಕೊಡಬೇಕಿಲ್ಲ.

ಕನ್ನಡ ಅಕ್ಷರ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ? ಅದಕ್ಕೆ ಗೊತ್ತಿರುವುದು ಅಂಕಿ ಮಾತ್ರ. ಲೋಕದ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಅಂಕಿ ಕೊಟ್ಟಿರುವ ಪಟ್ಟಿಯ ಹೆಸರು ಯುನಿಕೋಡ್. ಅದರಲ್ಲಿ ‘ಕ’ ಅಕ್ಷರದ ಅಂಕಿ 3221. ‘ಬಳ್ಳಾರಿ’ ಎಂದು ಬರೆದರೆ ಕಂಪ್ಯೂಟರಿಗೆ ಕಾಣುವುದು ಏಳು ಅಂಕಿ: 3244, 3251, 3277, 3251, 3262, 3248, 3263. ಇದರಲ್ಲಿ 3251 ಎರಡು ಸಲ ಬಂದಿದೆ, ಯಾಕೆಂದು ನೀವೇ ಹುಡುಕಿ. ನಡುವಿನ 3277 ಯಾವುದು ಗೊತ್ತೆ? ಅಕ್ಷರಕ್ಕೆ ಒತ್ತು ಕೊಡಲು ಬೇಕಾದ ಅರ್ಧಚಿಹ್ನೆ. ಕೂಟದ ಮೊದಲ ದಿನ ಇದನ್ನು ಆಟವಾಗಿ ಆಡಬಹುದು. ಪಟ್ಟಿ ನೋಡಿ ನಿಮ್ಮ ಹೆಸರನ್ನು ಅಂಕಿಯಲ್ಲಿ ಬರೆದು ಪಕ್ಕದವರಿಗೆ ಕೊಡಿ, ಅವರು ಬಿಡಿಸಲಿ.

ದೊಡ್ಡವರಿಗೆ ಇದರಲ್ಲಿ ಆಟಕ್ಕಿಂತ ದೊಡ್ಡ ವಿಷಯವಿದೆ. ನಮ್ಮ ಕಚೇರಿ, ಡಿ.ಟಿ.ಪಿ. ಅಂಗಡಿ, ಶಾಲೆಗಳಲ್ಲಿ ವರ್ಷಗಟ್ಟಲೆ ಕನ್ನಡ ಟೈಪಾದದ್ದು ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಅಂಕಿಯನ್ನೇ ಎರವಲು ಪಡೆದು ಮೇಲೆ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಅವತ್ತಿಗೆ ಅದು ದೊಡ್ಡ ಉಪಕಾರ, ಬೇರೆ ದಾರಿ ಇರಲಿಲ್ಲ. ಆದರೆ ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅದೇ ಕಡತ ತೆರೆಯಿರಿ. ‘ಕನ್ನಡ’ ಎಂಬ ಪದವಿದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ನಡುವೆ ಬ್ರಿಟಿಷರ ಪೌಂಡ್ ಗುರುತು ಕೂತಿರುತ್ತದೆ! ಬರೆದದ್ದು ಇದೆ, ಓದಲು ಬರುವುದಿಲ್ಲ. ಹುಡುಕಿದರೆ ಸಿಗುವುದಿಲ್ಲ. ನಿಮ್ಮ ಊರಿನ ಯಾರದೋ ಸ್ಥಳಪುರಾಣ, ಜಾತ್ರೆಯ ಕರಪತ್ರ, ತಾತನ ಆತ್ಮಕಥೆ ಈ ಸ್ಥಿತಿಯಲ್ಲಿ ಯಾವುದೋ ಸಿ.ಡಿ.ಯಲ್ಲಿ ಕೂತಿರಬಹುದು. ಈಗ ನುಡಿಯಲ್ಲೂ ಯುನಿಕೋಡ್ ಬಂದಿದೆ. ಹಳೆಯದನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅಂಥ ಒಂದು ಹಳೆಯ ಕಡತ ತಂದು, ಕೂತು ಬದಲಿಸಿ, ತಪ್ಪು ತಿದ್ದಿ ಪುಟಕ್ಕೆ ಏರಿಸುವುದು ಒಂದು ಸಂಜೆಯ ಕೆಲಸ. ಮೇಷ್ಟ್ರು ಕಾಗುಣಿತ ನೋಡಲಿ, ಹುಡುಗರು ಕಂಪ್ಯೂಟರ್ ನೋಡಲಿ.

ಪುಟಕ್ಕೆ ತೂಕ ಎಷ್ಟು? ಕನ್ನಡದ ಒಂದು ಚಿಹ್ನೆಗೆ 3 ಬೈಟ್ ಜಾಗ ಬೇಕು. ಬಳ್ಳಾರಿ ಎಂಬ ಪದಕ್ಕೆ 21 ಬೈಟ್. ಸಾವಿರ ಚಿಹ್ನೆಗಳ ಒಂದು ಪುಟ ಎಂದರೆ 3 ಸಾವಿರ ಬೈಟ್. ನಿಮ್ಮ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಸುಲಭವಾಗಿ 3 ಎಂ.ಬಿ. ಇರುತ್ತದೆ. ಅಂದರೆ ಒಂದು ಫೋಟೊದ ಜಾಗದಲ್ಲಿ ಸಾವಿರ ಪುಟ ಬರಹ ಹಿಡಿಯುತ್ತದೆ. ನೆಟ್‌ವರ್ಕ್ ಒಂದೇ ಗೆರೆ ತೋರಿಸುವ ಹಳ್ಳಿಯಲ್ಲೂ ಇಂಥ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ಫೋಟೊ ಹಾಕಲೇಬೇಕಾದರೆ ಅದನ್ನು ಕುಗ್ಗಿಸಿ ಹಾಕುವುದನ್ನು ಕೂಟದಲ್ಲಿ ಕಲಿಯಿರಿ.

ಏನು ಬರೆಯುವುದು?

‘ನನ್ನ ಹತ್ತಿರ ಬರೆಯಲು ಏನಿದೆ?’ ಎಂದು ಎಲ್ಲರೂ ಕೇಳುತ್ತಾರೆ. ಉಗ್ಗಾಣಿಯಿಂದ ಶುರು ಮಾಡಿ. ಬಳ್ಳಾರಿಯಲ್ಲಿ ಬೆಳಿಗ್ಗೆ ನೆನೆಸಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ ಕೊಟ್ಟು ಪುಟಾಣಿ ಪುಡಿ ಉದುರಿಸಿ, ಪಕ್ಕಕ್ಕೆ ಮಿರ್ಚಿ ಇಟ್ಟರೆ ಅದು ಉಗ್ಗಾಣಿ. ಆಂಧ್ರದ ಕರ್ನೂಲಿನವರೂ ಅದೇ ಹೆಸರು ಹೇಳುತ್ತಾರೆ. ಇನ್ನೂ ಉತ್ತರಕ್ಕೆ ಹೋದರೆ ಅದು ಸೂಸಲ. ಬೇರೆ ಕಡೆ ಬರೀ ಒಗ್ಗರಣೆ, ಇಲ್ಲವೆ ಒಗ್ಗರಣೆ ಮಂಡಕ್ಕಿ. ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ? ಪುಡಿಗೆ ಒಣಕೊಬ್ಬರಿ ಹಾಕುತ್ತಾರೆಯೆ? ಮಂಡಕ್ಕಿ ಎಷ್ಟು ಹೊತ್ತು ನೆನೆಯಬೇಕು? ಅಮ್ಮನನ್ನು ಕೇಳಿ ಹತ್ತು ಸಾಲು ಬರೆದರೆ ಒಂದು ಪುಟ ಆಯಿತು. ಕೂಟದ ಐದು ಜನ ಐದು ಮನೆಯ ಉಗ್ಗಾಣಿ ಬರೆದು ಒಬ್ಬರ ಪುಟದಿಂದ ಇನ್ನೊಬ್ಬರ ಪುಟಕ್ಕೆ ದಾರಿ ಕೊಟ್ಟರೆ ಅಡುಗೆ ಪುಸ್ತಕದಲ್ಲಿ ಸಿಗದ ಸಂಗತಿ ಸಿಗುತ್ತದೆ.

ಸಿರುಗುಪ್ಪದ ಮಕ್ಕಳಿಗೆ ಕಾಲುವೆ ಇದೆ. ತುಂಗಭದ್ರೆಯಿಂದ ನೀರು ತರುವ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ವಿಜಯನಗರ ಕಾಲದವು. ಅಣೆಕಟ್ಟೆ ಕಟ್ಟುವುದಕ್ಕೆ ನೂರಾರು ವರ್ಷ ಮೊದಲೇ ತೋಡಿದ ಆ ಕಾಲುವೆಗಳಲ್ಲಿ ಇಂದೂ ಭತ್ತದ ಗದ್ದೆಗೆ ನೀರು ಹರಿಯುತ್ತದೆ. ನಿಮ್ಮ ಗದ್ದೆಗೆ ನೀರು ಯಾವ ತಿಂಗಳು ಬರುತ್ತದೆ, ಸರದಿ ಯಾರದು, ತೂಬಿಗೆ ನಿಮ್ಮ ಊರಲ್ಲಿ ಏನು ಹೆಸರು, ಕಾಲುವೆಯಲ್ಲಿ ಯಾವ ಮೀನು ಸಿಗುತ್ತದೆ - ಇದನ್ನು ನಿಮಗಿಂತ ಚೆನ್ನಾಗಿ ಬರೆಯುವವರು ಯಾರಿದ್ದಾರೆ? ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ ನವಶಿಲಾಯುಗದ ಜನರ ನೆಲೆ ಇತ್ತು. 1960ರ ದಶಕದಲ್ಲಿ ಅಲ್ಲಿ ಉತ್ಖನನ ನಡೆದು ಪುಸ್ತಕವೇ ಬಂತು, ಇಂಗ್ಲಿಷಿನಲ್ಲಿ.

ಕುರುಗೋಡಿನವರಿಗೆ ದೊಡ್ಡ ಬಸವೇಶ್ವರ ಇದ್ದಾನೆ. ಒಂದೇ ಬಂಡೆಯಲ್ಲಿ ಕಡೆದ, ಆಳೆತ್ತರಕ್ಕೆ ಎಷ್ಟೋ ಮಿಗಿಲಾದ ಬಸವ. ಸಿಂದ ಅರಸರು ಆಳಿದ ಊರು ಅದು. ಸುತ್ತ ಗುಡ್ಡ, ಕೋಟೆ, ಹಳೆಯ ಗುಡಿಗಳು. ಪ್ರವಾಸಿ ಪುಸ್ತಕದಲ್ಲಿ ಎರಡು ಸಾಲು ಸಿಗುತ್ತದೆ. ರಥೋತ್ಸವದ ದಿನ ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ, ಯಾವ ಊರಿನಿಂದ ಯಾರು ಏನು ತರುತ್ತಾರೆ ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಗುಡ್ಡ ಹತ್ತಿ ಕಂಡ ಗುಡಿಗಳ ಒಂದು ನಕ್ಷೆ ಬಿಡಿಸಿ, ಫೋಟೊ ತೆಗೆದು ಹಾಕಿ.

ಬಳ್ಳಾರಿ ನಗರದ ಪಕ್ಕದಲ್ಲೇ ಸಂಗನಕಲ್ಲು, ಕಪ್ಪಗಲ್ಲು. ಅಲ್ಲಿಯ ಗುಡ್ಡದ ಕರಿಕಲ್ಲಿನ ಮೇಲೆ ಸಾವಿರಾರು ವರ್ಷ ಹಿಂದಿನವರು ದನ, ಮನುಷ್ಯರ ಚಿತ್ರ ಕುಟ್ಟಿದ್ದಾರೆ. ಕೆಲವು ಬಂಡೆಗಳನ್ನು ಸಣ್ಣ ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ದನಿ ಬರುತ್ತದೆ. 1892ರಲ್ಲೇ ಇಂಗ್ಲಿಷರು ಇದರ ಬಗ್ಗೆ ಬರೆದರು. ಕಲ್ಲುಗಣಿಯ ಭಯ ಆ ಗುಡ್ಡಕ್ಕೆ ಹೊಸದಲ್ಲ. ನಗರದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಪ್ರಾಚ್ಯವಸ್ತು ಸಂಗ್ರಹಾಲಯವೂ ಇದೆ, ಮೊದಲು ಅದನ್ನು ನೋಡಿ ಬನ್ನಿ. ಗುಡ್ಡಕ್ಕೆ ದೊಡ್ಡವರ ಜೊತೆ ಹೋಗಿ. ಚಿತ್ರಗಳ ಮೇಲೆ ಸೀಮೆಸುಣ್ಣ ಹಚ್ಚಬೇಡಿ. ಕೇಳಿದ ದನಿಯನ್ನು ಮಾತಿನಲ್ಲಿ ಬರೆಯಲು ಬರುತ್ತದೆಯೇ ನೋಡಿ.

ದೊಡ್ಡವರಿಗೂ ಪುಟ ಬೇಕು. ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಎಲ್ಲೆಲ್ಲಿಗೋ ಹೋಗುತ್ತದೆ, ಹೊಲಿದವರ ಹೆಸರು ಮಾತ್ರ ಅದರ ಮೇಲೆ ಇರುವುದಿಲ್ಲ. ಒಬ್ಬ ಟೈಲರ್ ಅಣ್ಣ ತನ್ನ ಕೆಲಸದ ಬಗ್ಗೆ, ಹೊಲಿಗೆಯ ವಿಧಗಳ ಬಗ್ಗೆ ತನ್ನದೇ ಪುಟದಲ್ಲಿ ಹೆಸರು ಹಾಕಿ ಬರೆದರೆ? ಗೃಹಿಣಿಯೊಬ್ಬರು ಹಬ್ಬದ ಹಾಡು ಬರೆದಿಟ್ಟರೆ? ಬಯಲಾಟದ ಮಾಸ್ತರರ ಮೊಮ್ಮಗ ತಾತನ ಹಸ್ತಪ್ರತಿಯ ಒಂದೊಂದೇ ಪುಟ ಟೈಪ್ ಮಾಡಿದರೆ? ರೆಡಿಮೇಡ್ ನಮೂನೆಗಳನ್ನು ಕೊಡುವ ಕಂಪನಿಗಳಿವೆ, ಅವಸರವಿದ್ದವರು ಬಳಸಲಿ. ನನ್ನ ಮನಸ್ಸಿರುವುದು ಕೈಹೊಲಿಗೆಯ ಕಡೆ. ಹರಿದರೆ ತಾನೇ ಹೊಲಿದುಕೊಳ್ಳಬಹುದು.

ಎಲ್ಲಿ, ಹೇಗೆ ಕೂಡುವುದು?

ಜಾಗಕ್ಕೆ ದುಡ್ಡು ಸುರಿಯಬೇಡಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಹಲವು ಕಡೆ ಕಂಪ್ಯೂಟರ್ ಕೂಡ ಇದೆ. ಮಕ್ಕಳಿಗೆ ಸದಸ್ಯತ್ವ ಉಚಿತ. ಪಟ್ಟಣದಲ್ಲಿ ಸಾರ್ವಜನಿಕ ಗ್ರಂಥಾಲಯ, ಶಾಲೆಯ ಒಂದು ಕೋಣೆ, ಇಲ್ಲವೆ ಯಾರದಾದರೂ ಮನೆಯ ಪಡಸಾಲೆ ಸಾಕು. ಗ್ರಂಥಪಾಲಕರನ್ನು ಮೊದಲೇ ಕಂಡು, ಭಾನುವಾರ ಎರಡು ಗಂಟೆ ಹೊತ್ತು ಕೂರಬಹುದೇ ಎಂದು ಕೇಳಿ. ಮೂರು ಊರಿನ ನಡುವೆ ಓಡಾಡುವುದು ಸುಲಭವಲ್ಲ. ಬಳ್ಳಾರಿಯಿಂದ ಕುರುಗೋಡು ಸುಮಾರು 30 ಕಿ.ಮೀ., ಸಿರುಗುಪ್ಪ ಅದರ ಹತ್ತಿರ ಹತ್ತಿರ ಎರಡರಷ್ಟು. ಅದಕ್ಕೇ ಮೂರು ಊರಲ್ಲಿ ಮೂರು ಸಣ್ಣ ಕೂಟ ಇರಲಿ. ವರ್ಷಕ್ಕೆ ಒಂದೆರಡು ಸಲ ಒಂದೆಡೆ ಸೇರಿದರೆ ಸಾಕು, ಅದಕ್ಕೆ ಜಾತ್ರೆಯ ನೆಪವೂ ಆದೀತು. ನಮ್ಮ ಬಿಸಿಲು ನಿಮಗೆ ಗೊತ್ತಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಕೂಡುವ ಕೂಟಕ್ಕೆ ಯಾರೂ ಬರುವುದಿಲ್ಲ. ಸಂಜೆ ಇಡಿ. ನಾಟಿ, ಕೊಯ್ಲಿನ ಹೊತ್ತಿನಲ್ಲಿ ಸಿರುಗುಪ್ಪದವರು ಎರಡು ವಾರ ತಪ್ಪಿಸಿದರೆ ಬೇಸರ ಮಾಡಿಕೊಳ್ಳಬೇಡಿ.

ಐದಾರು ಜನರಿಗಿಂತ ಹೆಚ್ಚು ಬೇಡ ಎಂದರೂ ನಡೆಯುತ್ತದೆ. ಮೊದಲ ಮುಕ್ಕಾಲು ಗಂಟೆ ಎಲ್ಲರೂ ಸುಮ್ಮನೆ ತಮ್ಮ ತಮ್ಮ ಪುಟದ ಕೆಲಸ ಮಾಡಲಿ. ಮೊಬೈಲಿನಲ್ಲೇ ಮಾಡುವವರನ್ನು ಕೀಳಾಗಿ ನೋಡಬೇಡಿ. ಆಮೇಲೆ ಚಹಾ. ಆಮೇಲೆ ಒಬ್ಬೊಬ್ಬರು ಐದು ನಿಮಿಷ ತೋರಿಸಲಿ. ಕೆಟ್ಟದ್ದನ್ನೂ ತೋರಿಸಬೇಕು: ಹೋದ ಸಲ ಚಿತ್ರ ಬರುತ್ತಿರಲಿಲ್ಲ, ಕಡತದ ಹೆಸರು ತಪ್ಪಾಗಿತ್ತು ಎಂದು ಒಬ್ಬರು ಹೇಳಿದರೆ ನಾಲ್ವರ ಸಮಯ ಉಳಿಯುತ್ತದೆ. ಗೊತ್ತಿದ್ದವರು ಇನ್ನೊಬ್ಬರ ಕೀಲಿಮಣೆ ಮುಟ್ಟಬಾರದು ಎಂಬ ಒಂದು ಕಟ್ಟಳೆ ಮಾತ್ರ ಇಟ್ಟುಕೊಳ್ಳಿ. ಬಾಯಲ್ಲಿ ಹೇಳಲಿ, ಕೈ ಕಲಿಯುವವರದೇ ಇರಲಿ. ತಾಲೀಮಿನಲ್ಲಿ ಮಾಸ್ತರು ತಾವೇ ಕುಣಿದರೆ ಹುಡುಗ ಕಲಿಯುವುದು ಯಾವಾಗ?

ಖರ್ಚಿನ ಮಾತು. ಗಿಟ್‌ಹಬ್ ಪೇಜಸ್, ನಿಯೋಸಿಟೀಸ್ ಮುಂತಾದ ಕಡೆ ಸಾದಾ ಪುಟಗಳನ್ನು ಉಚಿತವಾಗಿ ಇಡಬಹುದು. ಸ್ವಂತ ಹೆಸರಿನ ವಿಳಾಸ ಬೇಕಾದರೆ ವರ್ಷಕ್ಕೆ ಕೆಲವು ನೂರು ರೂಪಾಯಿ. ಮೊದಲ ವರ್ಷ ಅಗ್ಗ ಎಂದು ಕೊಂಡು ಎರಡನೇ ವರ್ಷದ ಬಿಲ್ ನೋಡಿ ಬೆಚ್ಚುವವರು ಬಹಳ. ಕೊಳ್ಳುವ ಮೊದಲೇ ನವೀಕರಣದ ದರ ಕೇಳಿ. ‘.ಭಾರತ’ ಎಂದು ಕನ್ನಡ ಲಿಪಿಯಲ್ಲೇ ವಿಳಾಸ ಪಡೆಯುವ ಅವಕಾಶವೂ ಇದೆ.

ಅಪ್ಪ-ಅಮ್ಮಂದಿರಿಗೆ ಒಂದು ಮಾತು

ಮಕ್ಕಳ ಪುಟ ಲೋಕಕ್ಕೆಲ್ಲ ಕಾಣುತ್ತದೆ. ಪೂರ್ತಿ ಹೆಸರು, ಶಾಲೆ, ಮನೆಯ ಬೀದಿ, ಫೋನ್ ನಂಬರ್, ಯೂನಿಫಾರ್ಮಿನ ಫೋಟೊ ಬೇಡವೇ ಬೇಡ. ಒಂದು ಅಡ್ಡಹೆಸರು ಇಟ್ಟುಕೊಳ್ಳಲಿ, ಅದರಲ್ಲಿ ಮಜವೂ ಇದೆ. ಮೊಬೈಲಿನ ಲೊಕೇಶನ್ ಚಾಲೂ ಇದ್ದರೆ ಫೋಟೊದ ಒಳಗೆ ಅದನ್ನು ತೆಗೆದ ಜಾಗದ ಗುರುತು ಸೇರಿಕೊಂಡಿರುತ್ತದೆ, ಅದನ್ನು ಅಳಿಸಿ ಹಾಕಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಹೀಗಾಗಿ ಖಾತೆ ನಿಮ್ಮ ಹೆಸರಿನಲ್ಲಿರಲಿ, ಬರೆಯುವುದು ಮಗುವಿನದಾಗಲಿ. ಕೂಟಕ್ಕೆ ಮಗುವನ್ನು ಬಿಟ್ಟು ಹೋಗಬೇಡಿ, ನೀವೂ ಕೂರಿ. ಅಜ್ಜಿಯ ಒಗಟು ಹಾಕುವ ಮೊದಲು ಅಜ್ಜಿಯ ಒಪ್ಪಿಗೆಯೂ ಬೇಕು, ಅದು ಯಾವ ಕಾಯ್ದೆಯಲ್ಲಿ ಬರೆಯದಿದ್ದರೂ.

ಇನ್ನು ಉಳಿಸಿಕೊಳ್ಳುವ ಮಾತು. ಜಿಯೊಸಿಟೀಸ್ ಎಂಬ ಒಂದು ಜಾಗವಿತ್ತು. 1994ರಲ್ಲಿ ಅಮೆರಿಕದಲ್ಲಿ ಶುರುವಾದ ಅಲ್ಲಿ ಯಾರು ಬೇಕಾದರೂ ಪುಕ್ಕಟೆ ಪುಟ ಕಟ್ಟಬಹುದಿತ್ತು. ಅದು ಊರಿನಂತೆಯೇ ಇತ್ತು. ಬಡಾವಣೆಗಳಿದ್ದವು, ಪ್ರತಿ ಪುಟಕ್ಕೂ ಮನೆ ನಂಬರಿತ್ತು, ಹೊಸಬರಿಗೆ ಕೈಹಿಡಿದು ಕಲಿಸುವ ಸ್ವಯಂಸೇವಕರು ಪ್ರತಿ ಬಡಾವಣೆಯಲ್ಲೂ ಇದ್ದರು. 1999ರಲ್ಲಿ ಯಾಹೂ ಕಂಪನಿ ಅದನ್ನು ನೂರಾರು ಕೋಟಿ ಡಾಲರ್ ಕೊಟ್ಟು ಕೊಂಡಿತು. ಹತ್ತು ವರ್ಷ ಕಳೆದು 2009ರ ಅಕ್ಟೋಬರ್ 26ರಂದು ಮುಚ್ಚಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ತಂಡ ಹಗಲೂ ರಾತ್ರಿ ದುಡಿದು ಕೈಗೆ ಸಿಕ್ಕಷ್ಟನ್ನು ಪ್ರತಿ ಮಾಡಿಕೊಂಡಿತು. ಉಳಿದದ್ದು ಹೋಯಿತು. ನಮ್ಮವರು ಮುಗಿಬಿದ್ದಿದ್ದ ಆರ್ಕುಟ್ ಕೂಡ 2014ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು.

ಆದ್ದರಿಂದ ಪುಟದ ಪ್ರತಿ ನಿಮ್ಮ ಮನೆಯಲ್ಲೇ ಇರಬೇಕು. ಕಂಪನಿ ಮುಚ್ಚಿದರೆ ಅದೇ ಕಡತಗಳನ್ನು ಇನ್ನೊಂದು ಕಡೆ ಏರಿಸಿದರಾಯಿತು. ಕೂಟದವರು ಆರು ತಿಂಗಳಿಗೊಮ್ಮೆ ಎಲ್ಲರ ಪುಟವನ್ನೂ ಪೆನ್‌ಡ್ರೈವಿಗೆ ಇಳಿಸಿ ಎರಡು ಬೇರೆ ಬೇರೆ ಮನೆಯಲ್ಲಿ ಇಡಿ. ಪಾಸ್‌ವರ್ಡನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿ ಇಡಿ. ತಾತ ಪುಟ ಮಾಡಿ, ಪಾಸ್‌ವರ್ಡ್ ತಮ್ಮ ತಲೆಯಲ್ಲೇ ಇಟ್ಟುಕೊಂಡರೆ ಮುಂದೆ ಬೀಗದ ಕೈ ಹುಡುಕಲು ಎಲ್ಲಿಗೆ ಹೋಗುವುದು? ಬಹಳ ಮುಖ್ಯವಾದ ಪುಟವನ್ನು ಕಾಗದದ ಮೇಲೆ ಒಂದು ಪ್ರಿಂಟ್ ಹೊಡೆಸಿ. ಹೌದು, ಕಾಗದ. ನಗಬೇಡಿ.

ಮೊದಲ ಭಾನುವಾರಕ್ಕೆ ಬೇಕಾದ್ದು ಇಷ್ಟು: ಗ್ರಂಥಾಲಯದ ಬಾಗಿಲ ಕೀಲಿ ಇರುವವರ ಒಪ್ಪಿಗೆ, ಒಂದು ಎಕ್ಸ್‌ಟೆನ್ಷನ್ ಬಾಕ್ಸು, ಕರೆಂಟ್ ಹೋದರೆ ಇರಲಿ ಎಂದು ಚಾರ್ಜ್ ಮಾಡಿಕೊಂಡ ಮೊಬೈಲು, ಮಿರ್ಚಿ ತರುವವರು ಒಬ್ಬರು, ಎಣ್ಣೆ ಕೈ ಒರೆಸಿಕೊಳ್ಳಲು ಹಳೆಯ ಪೇಪರು. ಬರುವ ಪ್ರತಿಯೊಬ್ಬರೂ ತಮ್ಮ ಮನೆಯ ಹಿರಿಯರಿಂದ ಒಂದು ಒಗಟು ಕೇಳಿಕೊಂಡು ಬರಬೇಕು. ಉತ್ತರವನ್ನು ಎರಡನೇ ಪುಟದಲ್ಲಿ ಹಾಕಿ.